ಸಾಲ ಯಾವ ಸುಗಲಾಬಾಯೀದು?

ನಾರಾಯಣಖೇಡ
10-2-2025

ತಾಂಡೂರಿನ ಸುಗಲಾಬಾಯಿ ಅವರಿಗೆ,

ನಾರಾಯಣಖೇಡದಿಂದ ಸುಗಲಾಬಾಯಿ ಮಾಡುವ ಶರಣು. ಗಾಬರಿ ಆಗಬ್ಯಾಡ್ರಿ, ನನ್ನ ಹೆಸರೂ ಅದೇ. ನಿಮ್ಮ ಮಾರಿ ನಾ ನೋಡಿಲ್ಲ, ನನ್ನ ಮಾರಿ ನೀವು ನೋಡಿಲ್ಲ. ಆದರ ಬ್ಯಾಂಕಿನವರು ನಮ್ಮಿಬ್ಬರನ್ನೂ ಕೂಡಿಸಿ ಒಬ್ಬಾಕಿನ್ನ ಮಾಡಿ ಕುಂದರ್ಸ್ಯಾರ.

ನಾ ಇಪ್ಪತ್ತಾರು ವರ್ಷ ಅಂಗನವಾಡ್ಯಾಗ ಟೀಚರ್ ಆಗಿದ್ದೆ. ಮೊಣಕಾಲು ನೋವಿಗೆ ಹೋದ ವರ್ಷ ಬಿಟ್ಟೆ. ತಗಡಿನ ಮನಿ ಕೆಡವಿ ಸ್ಲ್ಯಾಬ್ ಹಾಕಿಸಬೇಕಂತ ಎರಡು ಲಕ್ಷ ಮೂವತ್ತಾರು ಸಾವಿರ ಬ್ಯಾಂಕಿನಾಗ ಇಟ್ಟಿದ್ದೆ. ಗೋಡಿ ಎದ್ದಾವ. ಸೆಂಟ್ರಿಂಗ್ ಹಲಗಿ ಬಡದಾರ. ಇನ್ನು ಕಾಂಕ್ರೀಟ್ ಸುರಿಯೋದೊಂದೇ ಅಂತ ರೊಕ್ಕ ತಗಿಯಾಕ ಹೋದರ, ಕೌಂಟರಿನಾಕಿ ಮಷೀನು ನೋಡಿ, "ತಗಿಯಾಕ ಬರಂಗಿಲ್ಲಮ್ಮ, ಲೀನ್ ಅದ" ಅಂದಳು. ನಾ ಲೈನ್ ಅಂತ ತಿಳಿದು ಹೋಗಿ ಸಾಲಿನಾಗ ನಿಂತೆ. ಅರ್ಧ ತಾಸು ನಿಂತು ಮತ್ತ ಆಕಿ ಮುಂದ ಬಂದರ ಆಕಿ ನಗಾಕತ್ತಳು. ಲೀನ್ ಅಂದರ ಬ್ಯಾಂಕಿಗೆ ಕೊಡಬೇಕಾದ ಸಾಲಕ್ಕ ನಮ್ಮ ರೊಕ್ಕ ತಡದು ಹಿಡಿಯೋದಂತ. ರೊಕ್ಕ ನಮ್ಮ ಹೆಸರಿಲೇ ಇರ್ತದ, ಮುಟ್ಟಾಕ ಬರಂಗಿಲ್ಲ.

"ಯಾವ ಸಾಲಮ್ಮ?" ಅಂದೆ.

"ಟೆಂಟ್ ಹೌಸ್ ಸಾಲ. ಆರು ಲಕ್ಷ. ತಾಂಡೂರು ಶಾಖಾದಾಗ ತಗೊಂಡೀರಿ."

ನಾ ಹುಟ್ಟಿದ ಮ್ಯಾಲ ಟೆಂಟಿನ ಒಂದು ಗೂಟ ಬಡದಾಕಿ ಅಲ್ಲ. ತಾಂಡೂರಿಗೆ ಒಂದೇ ಸಲ ಬಂದೀನಿ, ಅದೂ ರೈಲು ಬದಲಿಸಾಕ. ಎಷ್ಟು ಹೇಳಿದರೂ ಕೇಳಲಿಲ್ಲ. ಎರಡು ಬ್ಯಾಂಕು ಕೂಡಿ ಒಂದಾದವಲ್ಲ, ಆವಾಗ ಹೆಸರು ಮತ್ತ ಹುಟ್ಟಿದ ತಾರೀಖು ನೋಡಿ ಮಷೀನು ಜೋಡಿ ಮಾಡ್ಯದಂತ. ನನ್ನ ತಾರೀಖು ಜೂನ್ ಒಂದು, 1966. ಸಾಲ್ಯಾಗ ಹೆಸರು ಹಚ್ಚುವಾಗ ಮಾಸ್ತರು ಎಲ್ಲರಿಗೂ ಜೂನ್ ಒಂದೇ ಬರದಿದ್ದರು. ನಿಮ್ಮ ಮಾಸ್ತರೂ ಹಂಗೇ ಮಾಡಿರಬೇಕು.

ನಿಮ್ಮ ವಿಳಾಸ ನನಗ ಯಾರೂ ಕೊಟ್ಟಿಲ್ಲ. ಮ್ಯಾನೇಜರ್ ಟೇಬಲ್ ಮ್ಯಾಲ ನಿಮ್ಮ ಕಾಗದ ಇತ್ತು. ಸಣ್ಣ ಹುಡುಗರ ಎದುರಿಗೆ ಕುಂತು ಪಾಟಿ ನೋಡಿ ನೋಡಿ ನನಗ ಅಕ್ಷರ ಉಲ್ಟಾ ಓದಾಕ ಬರ್ತದ. ಈ ಹೆಸರು ಇಟ್ಟವರು ಕನ್ನಡ ಮನಿಯವರೇ ಇರಬೇಕಂತ ಕನ್ನಡದಾಗ ಬರದೀನಿ. ದಯಮಾಡಿ ಒಮ್ಮೆ ಬ್ಯಾಂಕಿಗೆ ಹೋಗಿ, ಆ ಸಾಲದ ಸುಗಲಾಬಾಯಿ ನಾನು ಅಂತ ಹೇಳ್ರಿ. ನಿಮಗ ಅದರಿಂದ ಏನಾಗ್ತದ ನನಗ ಗೊತ್ತಿಲ್ಲ. ನನಗಂತೂ ಮನಿ ಆಗ್ತದ.

ಇತಿ,
ಸುಗಲಾಬಾಯಿ ಸೂರ್ಯಕಾಂತ


ತಾಂಡೂರು
24-2-2025

ನಾರಾಯಣಖೇಡದ ಅಕ್ಕಾವರಿಗೆ,

ನನ್ನ ಹೆಸರು ಮಂಗಲಾ. ನೀವು ಬರದ ಪತ್ರ ಪೋಸ್ಟಿನವರು ಬಾಜೂಮನಿ ಅಂತ ನನ್ನ ಕಡಿ ಕೊಟ್ಟು ಹೋಗ್ಯಾರ. ಆ ಸುಗಲಾಬಾಯಿ ಮನಿ ಖಾಲಿ ಮಾಡಿ ಒಂದೂವರೆ ವರ್ಷ ಆತು. ಎಲ್ಲಿಗೆ ಹೋಗ್ಯಾಳ ಯಾರಿಗೂ ಗೊತ್ತಿಲ್ಲ. ಗಂಡ ಇಲ್ಲ. ಮಗಳನ್ನ ಧಾರೂರಿಗೆ ಕೊಟ್ಟಾಳ, ಅಲ್ಲಿಗೂ ಹೋಗಂಗಿಲ್ಲಂತ. ನೀವು ಬ್ಯಾಂಕಿನವರಿಗೇ ಗಟ್ಟಿಯಾಗಿ ಹೇಳ್ರಿ. ಓದಿದವರಿದ್ದೀರಿ, ನಿಮ್ಮ ಮಾತು ಕೇಳ್ತಾರ.

ಈ ವಿಳಾಸಕ್ಕ ಮತ್ತ ಬರದು ಉಪಯೋಗಿಲ್ಲ.

ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಬಾಗಿಲಿಗೆ ಯಾರಾದರೂ ಬರ್ತಾರೇನು? ಬಂದರ ಕುರ್ಚಿ ಹಾಕಿ ಕುಂದರ್ತಾರೇನು, ನಿಂತೇ ಮಾತಾಡ್ತಾರೇನು?

ಇತಿ,
ಮಂಗಲಾ


ನಾರಾಯಣಖೇಡ
9-3-2025

ಮಂಗಲಾ ಅವರಿಗೆ,

ಉಪಯೋಗಿಲ್ಲ ಅಂದಿದ್ರಿ, ಆದರೂ ಪಾಕೀಟಿನ ಮ್ಯಾಲ ಸುಗಲಾಬಾಯಿ ಹೆಸರೇ ಹಾಕಿ ಅದೇ ವಿಳಾಸಕ್ಕ ಬರೀತೀನಿ.

ಹೌದು, ಬಾಗಿಲಿಗೆ ಬಂದರು. ಹೋದ ಗುರುವಾರ ಇಬ್ಬರು. ಬ್ಯಾಂಕಿನವರಲ್ಲ, ಬ್ಯಾಂಕು ವಸೂಲಿಗೆ ಇಟ್ಟವರು. ನಾವೀಗ ಬಾಡಿಗಿ ಖೋಲಿಯಾಗ ಅದೀವಿ. ಓಣಿ ಮಂದಿಗೆಲ್ಲ ಕೇಳೋಹಂಗ "ಸುಗಲಾಬಾಯಿ ಅಂದರ ಯಾರು, ಸಾಲ ಮಾಡಿ ಮನಿ ಕಟ್ಟಸಾಕತ್ತಾರಲ್ಲ, ಆಕಿ" ಅಂದರು. ನಿಂತೇ ಮಾತಾಡಿದರು. ನಾ ಕೈಯಾಗಿನ ಹಿಟ್ಟು ತೊಳಿಯಾಕ ಸೈತ ಟೈಮ್ ಕೊಡಲಿಲ್ಲ. ಅವರು ಹೋದ ಮ್ಯಾಲ ನೋಡಿದರ ಖಾತೆಯಿಂದ ಹದಿನೆಂಟು ಸಾವಿರದ ನಾಕುನೂರು ಸಾಲಕ್ಕ ಜಮಾ ಮಾಡ್ಕೊಂಡಾರ.

ಅದು ಹೋಗಲಿ. ನಮ್ಮನಿಯವರು ಸೈಕಲ್ ಅಂಗಡಿ ಮುಚ್ಚಿ ಬಂದು ಉಂಡರು, ಕೈ ತೊಳಕೊಂಡರು, ಆಮ್ಯಾಲ ಕೇಳಿದರು: "ನನಗ ಹೇಳದೇ ಯಾರಿಗಾದರೂ ಸಹಿ ಹಾಕಿ ಕೊಟ್ಟೀಯೇನು?" ಮೂವತ್ತೆಂಟು ವರ್ಷ ಆತು ಲಗ್ನ ಆಗಿ. ನಾ ಇಲ್ಲ ಅಂದೆ. ಅವರು ಹೂಂ ಅಂದರು. ಆ ಹೂಂ ಇನ್ನೂ ಮನ್ಯಾಗ ಅದ.

ನನಗೇ ಈಗ ತಲಿ ಸುದ್ದ ಇಲ್ಲ. ರಾತ್ರಿ ಮಲಗಿದಾಗ, ಹಂಗ ಎಲ್ಲಾದರೂ ಸಹಿ ಹಾಕೀನೇನೋ, ಅಂಗನವಾಡಿ ಮಕ್ಕಳ ತೂಕದ ವಹಿ ಅಂತ ತಿಳಿದು ಯಾವುದಾದರೂ ಕಾಗದಕ್ಕ ಹಾಕೀನೇನೋ ಅನಸ್ತದ. ಸೆಂಟ್ರಿಂಗಿನ ಆತ್ಮಾರಾಮ ಹಲಗಿ ಬಾಡಿಗಿ ದಿನಕ್ಕ ಮುನ್ನೂರೈವತ್ತು ಕೇಳಾಕತ್ಯಾನ.

ಇನ್ನೊಂದು. ನನ್ನ ಮೊದಲ ಪತ್ರದಾಗ ಬಾಗಿಲಿಗೆ ಯಾರೋ ಬರ್ತಾರಂತ ನಾ ಬರದಿದ್ದಿಲ್ಲ. ಕುರ್ಚಿ ಹಾಕಿ ಕುಂದರ್ತಾರೇನು ಅಂತ ಬಾಜೂಮನ್ಯಾಕಿ ಕೇಳಂಗಿಲ್ಲ. ಯಾರ ಬಾಗಿಲಿಗೆ ಅವರು ಕುರ್ಚಿ ಹಾಕಿ ಕುಂತಾರೋ ಆಕಿನೇ ಕೇಳ್ತಾಳ.

ನೀವು ಮಂಗಲಾ ಅಲ್ಲ. ಹೌದಿಲ್ಲೋ?

ಇತಿ,
ಸುಗಲಾಬಾಯಿ ಸೂರ್ಯಕಾಂತ


ಜಹೀರಾಬಾದ್
2-4-2025

ಅಕ್ಕಾವರೇ,

ಹೌದ್ರಿ. ನಾ ಮಂಗಲಾ ಅಲ್ಲ.

ಮಂಗಲಾ ಅನ್ನಾಕಿ ಖರೇನೇ ಅದಾಳ. ತಾಂಡೂರಿನಾಗ ನಮ್ಮ ಬಾಜೂಮನಿ. ನನಗ ಬಂದ ಟಪಾಲು ಗಪ್‌ಚಿಪ್ ಆಕಿ ಕಡಿ ಇರ್ತದ. ನಿಮ್ಮ ಪತ್ರ ಬಂದ ದಿನ ಆಕಿ ಮನಿಗೆ ಹೋಗಿದ್ದೆ. ಅಲ್ಲೇ ಕುಂತು, ಆಕಿ ಹೆಸರು ಹಾಕಿ ಬರದೆ. ಆಕಿಗೆ ಇನ್ನೂ ಗೊತ್ತಿಲ್ಲ.

ನಮ್ಮದು ಟೆಂಟ್ ಹೌಸ್ ಇತ್ತು. ಸಾಲ ಮಾಡಿದಾಕಿ ನಾನೇ. ನಮ್ಮನಿಯವರು ಲಿಂಗರಾಜ ಬ್ಯಾಡ ಅಂದಿದ್ದರು. ಅವರಿವರ ಲಗ್ನಕ್ಕ ಪುರಿ ಲಟ್ಟಿಸಿ ಕೊಡಾಕಿ, ತವರಿನ ಹಂಡೆ ಹ್ಯಾಂಗೂ ಅದಾವ, ನನ್ನವೇ ಕುರ್ಚಿ ಇದ್ದರ ಎರಡು ಪಟ್ಟು ಬರ್ತದ ಅಂತ ಲೆಕ್ಕ ಹಾಕಿದ್ದೆ. 2019ರ ಡಿಸೆಂಬರಿನಾಗ ಆರು ಲಕ್ಷ ತಗೊಂಡೆ. ಮುನ್ನೂರು ಕುರ್ಚಿ, ನಾಕು ಶಾಮಿಯಾನ, ಕೆಂಪು ಗಾದಿ. ಮೂರು ಲಗ್ನ ಮಾಡಿದೆ. ಆಮ್ಯಾಲ ಕೊರೊನಾ ಬಂತು. ಎರಡು ವರ್ಷ ಊರಾಗ ಯಾರೂ ಮಂಟಪ ಹಾಕಲಿಲ್ಲ. ಎರಡನೇ ಸಲದ ಕೊರೊನಾದಾಗ ನಮ್ಮನಿಯವರೂ ಹೋದರು. ಅವರ ಮಣ್ಣಿಗೆ ಬಂದವರು ಇಪ್ಪತ್ತು ಮಂದಿ. ನನ್ನ ಮುನ್ನೂರು ಕುರ್ಚಿ ಒಳಗ ಹಂಗೇ ಇದ್ದವು.

ಆದಷ್ಟು ಕಟ್ಟಿದೆ. ಆಗದಿದ್ದಾಗ ಅವರು ಬಂದರು. ನನ್ನವೇ ಕುರ್ಚಿ ತಗದು ನನ್ನ ಬಾಗಿಲಿಗೆ ಹಾಕ್ಕೊಂಡು ಕುಂದರತಿದ್ದರು. ಅದನ್ನೂ ತಡಕೊಂಡೆ. ಧಾರೂರಿಗೆ ಮಗಳ ಅತ್ತಿಯವರಿಗೆ ಫೋನ್ ಮಾಡಿ, "ನಿಮ್ಮ ಬೀಗತಿ ಕಳ್ಳಿ" ಅಂದರಲ್ಲ, ಅದು ತಡಿಯಾಕ ಆಗಲಿಲ್ಲ. ಸಾಮಾನು ಒಂದು ಖೋಲಿಗೆ ಹಾಕಿ ಬೀಗ ಜಡದು ಇಲ್ಲಿಗೆ ಬಂದೆ. ಫಂಕ್ಷನ್ ಹಾಲಿನ ಅಡಿಗಿಮನ್ಯಾಗ ದುಡೀತೀನಿ. ಇಲ್ಲಿ ಎಲ್ಲರೂ ನನಗ 'ಅಮ್ಮಾ' ಅಂತಾರ. ಹೆಸರು ಯಾರೂ ಕೇಳಿಲ್ಲ.

ಇನ್ನು ನಿಮಗ ಹೇಳಲೇಬೇಕಾದ್ದು. ಸಿಮ್ ಬದಲಿಸಿದರೂ ಅವರು ಹ್ಯಾಂಗೋ ನಂಬರ್ ಹುಡುಕ್ತಿದ್ದರು. ಹೋದ ಅಕ್ಟೋಬರಿನಿಂದ ಒಂದೂ ಫೋನ್ ಬರಲಿಲ್ಲ. ದೇವರು ಕಣ್ಣು ಬಿಟ್ಟ, ಸಾಲ ಮಾಫ್ ಆತು ಅಂತ ಝರಾಸಂಗಮದ ಗುಡಿಗೆ ಹೋಗಿ ಕಾಯಿ ಒಡದು ಬಂದೆ. ನಿಮ್ಮ ಪತ್ರ ಓದಿದಾಗ ತಿಳೀತು, ಅವರು ನನ್ನನ್ನ ಬಿಟ್ಟಿಲ್ಲ, ನಿಮ್ಮ ಮನಿ ಕಡಿ ತಿರಗ್ಯಾರಂತ. ತಿಳಿದ ಮ್ಯಾಲೂ ಮಂಗಲಾ ಅಂತ ಸುಳ್ಳು ಬರದೆ.

ಬ್ಯಾಂಕಿಗೆ ಬರ್ತೀನಿ ಅಂತ ಬರಿಯಾಕ ಕೈ ಬರವಲ್ದು. ಬರಂಗಿಲ್ಲ ಅಂತ ಬರಿಯಾಕೂ ಬರವಲ್ದು.

ಇತಿ,
ಸುಗಲಾಬಾಯಿ ಲಿಂಗರಾಜ


ನಾರಾಯಣಖೇಡ
16-4-2025

ಸುಗಲಾಬಾಯಿ ಅವರಿಗೆ,

ನಿಮ್ಮ ಪತ್ರ ಓದಿ ಸಿಟ್ಟು ಬಂತು. ಆಮ್ಯಾಲ ಹೋತು. ಮರುದಿನ ಆತ್ಮಾರಾಮ ಹಲಗಿ ಬಿಚ್ಚಿಕೊಂಡು ಬಂಡಿಗೆ ಹಾಕುವಾಗ ಮತ್ತ ಬಂತು. ಈಗ ನನ್ನ ಮನಿ ಅಂದರ ನಾಕು ಗೋಡಿ, ಮ್ಯಾಲ ಬಿಸಲು.

ಪಾಕೀಟಿನ ಮ್ಯಾಲ ಜಹೀರಾಬಾದಿನ ಮುದ್ರಿ ಅದ. ಒಳಗ ಫಂಕ್ಷನ್ ಹಾಲ್ ಅಂತ ನೀವೇ ಬರದೀರಿ. ಇದನ್ನ ಒಯ್ದು ಮ್ಯಾನೇಜರ್ ಮುಂದ ಇಟ್ಟಿದ್ದರ ನನ್ನ ಕೆಲಸ ಒಂದೇ ದಿನದಾಗ ಆಗತಿತ್ತು. ಚೀಲದಾಗ ಹಾಕ್ಕೊಂಡು ಬ್ಯಾಂಕಿನ ತನಕ ಹೋಗಿದ್ದೆ ಸೈತ. ತೋರಿಸದೇ ತಿರುಗಿ ಬಂದೆ. ಯಾಕಂತ ಕೇಳಬ್ಯಾಡ್ರಿ.

ಇಲ್ಲಿ ಕೋರ್ಟಿನಾಗ ಹೆಣ್ಣುಮಕ್ಕಳಿಗೆ ಫೀ ಇಲ್ಲದೇ ವಕೀಲರನ್ನ ಕೊಡ್ತಾರ. ನನಗ ಕೊಟ್ಟಾಕಿ ಶಿವಕಾಂತಾ ಅಂತ, ಭಾಳ ಚುರುಕು. ಹೆಸರು ತಗೀದೇ ನಿಮ್ಮ ಮಾತೂ ಆಕಿ ಮುಂದ ಹೇಳಿದೆ. ಆಕಿ ಹೇಳಿದ್ದು ತಿಳದಷ್ಟು ಬರೀತೀನಿ. ವಸೂಲಿಯವರು ಮುಂಜಾನೆ ಎಂಟರ ಮೊದಲು, ಸಂಜೀ ಏಳರ ಮ್ಯಾಲ ಫೋನ್ ಮಾಡಂಗಿಲ್ಲ. ಬೀಗರಿಗೆ ಫೋನ್ ಮಾಡಿ ಕಳ್ಳಿ ಅನ್ನೋದು ದೊಡ್ಡ ತಪ್ಪು, ಅದರ ಮ್ಯಾಲ ನೀವೇ ತಕರಾರು ಕೊಡಬಹುದು. ಸಾಲದಾಗ ತಂದ ಕುರ್ಚಿ, ಶಾಮಿಯಾನ ಬ್ಯಾಂಕಿಗೆ ಬರದು ಕೊಟ್ಟಿರ್ತೀರಿ, ಅದರ ಮ್ಯಾಲ ಅವರ ಹಕ್ಕು ಅದ. ನಿಮ್ಮ ತವರಿನವರು ಕೊಟ್ಟ ಹಂಡೆ ಇದ್ದರ ಅವು ಬರದು ಕೊಟ್ಟಿದ್ದರಾಗ ಬರಂಗಿಲ್ಲ. ಸಾಲ ಕಟ್ಟಾಕ ಆಗದಿದ್ದರ ಅದು ಕಳ್ಳತನ ಅಲ್ಲ, ಅದಕ್ಕ ಜೈಲಿಲ್ಲ. ಲೋಕ ಅದಾಲತ್ತಿನಾಗ ಕುಂತು ಎಷ್ಟು ಕಟ್ಟಾಕ ಆಗ್ತದ ಅಂತ ಮಾತಾಡಿ ಮುಗಿಸಬಹುದು.

"ಆದರ ಅಡಗಿ ಕುಂತರ ಇದರಾಗ ಒಂದೂ ಹಕ್ಕು ಸಿಗಂಗಿಲ್ಲಮ್ಮ. ಹಕ್ಕು ಕೇಳಾಕ ಮೊದಲ ಸಾಲ ನಂದು ಅನಬೇಕು" ಅಂದಳು ಶಿವಕಾಂತಾ.

ಮೇ ಆರನೇ ತಾರೀಖು, ಮಂಗಳವಾರ, ಹನ್ನೊಂದಕ್ಕ ನಾನು, ವಕೀಲರು ಇಲ್ಲಿನ ಶಾಖಾಕ್ಕ ಹೋಗ್ತೀವಿ. ಬಸ್ಟ್ಯಾಂಡಿನಿಂದ ನಡದು ಬರೋವಷ್ಟು ದೂರ. ನೀವು ಬಂದರೂ ಹೋಗ್ತೀವಿ, ಬರದಿದ್ದರೂ ಹೋಗ್ತೀವಿ. ಈ ಪತ್ರಕ್ಕ ಜವಾಬು ಬರೀಬ್ಯಾಡ್ರಿ.

ಇತಿ,
ಸುಗಲಾಬಾಯಿ ಸೂರ್ಯಕಾಂತ


ಜಹೀರಾಬಾದ್
8-5-2025

ಮಂಗಲಾಗ ಸುಗಲಾಬಾಯಿ ಆಶೀರ್ವಾದ.

ನಿನ್ನ ಮುಂದ ಒಂದು ತಪ್ಪು ಒಪ್ಪಿಕೋಬೇಕು. ಫೆಬ್ರುವರಿಯಾಗ ನಿಮ್ಮ ಮನ್ಯಾಗ ಕುಂತು, ನನ್ನ ಸಾಲ ಮೈಮ್ಯಾಲ ಬಿದ್ದ ನಾರಾಯಣಖೇಡದ ಸುಗಲಾಬಾಯಿಗೆ ನಿನ್ನ ಹೆಸರು ಹಾಕಿ ಪತ್ರ ಬರದಿದ್ದೆ. ನೀ ಒಳಗ ಚಹಾಕ್ಕ ಇಟ್ಟಿದ್ದಿ. ಬೈಯಬೇಕಾದರ ಬೈ.

ಮಂಗಳವಾರ ನಾ ಅಲ್ಲಿಗೆ ಹೋಗಿದ್ದೆ. ಮುಂಜಾನಿ ಒಂಬತ್ತಕ್ಕೇ ಮುಟ್ಟಿ ಬ್ಯಾಂಕಿನ ಎದುರು ಕಬ್ಬಿನ ಹಾಲಿನ ಗಾಡಿ ಹಂತೇಲಿ ನಿಂತಿದ್ದೆ. ಮೂರು ಗ್ಲಾಸ್ ಕುಡದೆ. ಹನ್ನೊಂದಕ್ಕ ಒಬ್ಬಾಕಿ ಕುಂಟಕೋತ ಬಂದಳು, ಕೈಯಾಗ ಬಟ್ಟಿ ಚೀಲ, ಬಾಜೂಕ ಕರಿ ಕೋಟಿನಾಕಿ. ಈಕಿನೇ ಅಂತ ಗೊತ್ತಾತು. ಮೆಟ್ಟಿಲು ಹತ್ತುವಾಗ ಆಕಿ ಒಮ್ಮೆ ತಿರುಗಿ ರೋಡ್ ಕಡಿ ನೋಡಿದಳು. ನಾ ಗಾಡಿ ಹಿಂದ ಸರದೆ. ಖರೇ ಹೇಳ್ತೀನಿ ಮಂಗಲಾ, ಬಸ್ಟ್ಯಾಂಡಿನ ಕಡಿ ಹತ್ತು ಹೆಜ್ಜಿ ಇಟ್ಟಿದ್ದೆ ಸೈತ. ಆಮ್ಯಾಲ ಹ್ಯಾಂಗ ತಿರುಗಿದೆ, ಹ್ಯಾಂಗ ಮೆಟ್ಟಿಲು ಹತ್ತಿದೆ ನೆನಪಿಲ್ಲ.

ಒಳಗ ಮ್ಯಾನೇಜರ್ "ಸುಗಲಾಬಾಯಿ ಯಾರಮ್ಮ?" ಅಂದ. ಇಬ್ಬರೂ "ನಾನ್ರಿ" ಅಂದ್ವಿ.

ನಾ ಮುಂದ ಹೋಗಿ, "ತಾಂಡೂರಿನ ಸಾಲ ನಂದ್ರಿ. ಈ ಅಕ್ಕಾವರದಲ್ಲ" ಅಂದೆ. ಆತ ಮಷೀನು ನೋಡಿದ. "ಇಲ್ಲಮ್ಮ, ಸಿಸ್ಟಂನಾಗ ಸಾಲ ಇವರದೇ ಅದ. ನಿಮ್ಮ ಹೆಸರಿಲೆ ಏನೂ ತೋರಿಸವಲ್ದು. ನೀವು ಯಾರು?" ಅಂದ. ಆಧಾರ್ ಕೊಟ್ಟೆ. ಅದು ಬ್ಯಾರೆ ನಂಬರ್, ಸಾಲಕ್ಕ ಜೋಡಿಲ್ಲ ಅಂದ. ಮೂರು ವರ್ಷ ನನ್ನ ಬೆನ್ನು ಹತ್ತಿದ ಸಾಲ, ನಾನೇ ಬಂದು ಕೊಡ್ರಿ ಅಂದರ ಕೊಡವಲ್ಲರು! "ನಂದ್ರಿ, ದೇವರಾಣಿ ನಂದ್ರಿ" ಅಂತ ಅಳಾಕತ್ತಿದ್ದೆ. ಹಿಂದ ಸಾಲಿನಾಗ ನಿಂತವರು, ಈಕಿಗೇನೋ ರೊಕ್ಕ ಬರೋದದ, ಬ್ಯಾಂಕಿನವರು ಕೊಡವಲ್ಲರು ಅಂತ ತಿಳಿದು ನನ್ನ ಪರ ಮಾತಾಡಾಕತ್ತರು.

ಕಡೀಗೆ ಆ ವಕೀಲಾಕಿ ಜೋರು ಮಾಡಿದಳು. "ಮೂಲ ಫೈಲು ತರಿಸ್ರಿ. ಸಾಲ ಕೊಡುವಾಗ ಫೋಟೋ ತಗೊಂಡಿರ್ತೀರಿ" ಅಂದಳು. ತಾಂಡೂರಿನಿಂದ ಮಷೀನಿನಾಗ ಬರಾಕ ಎರಡು ತಾಸು ಹಿಡೀತು. ಬಂತು. ಹಳದಿ ಶಾಮಿಯಾನದ ಮುಂದ ನಾನು, ಬಾಜೂಕ ನಮ್ಮನಿಯವರು. ಅವರು ಬ್ಯಾಡ ಅಂದಿದ್ದರಲ್ಲ, ಆದರೂ ಫೋಟೋದಾಗ ನಕ್ಕಾರ. ಮ್ಯಾನೇಜರ್ ಫೋಟೋ ನೋಡಿದ, ನನ್ನ ನೋಡಿದ, ಆ ಅಕ್ಕಾವರನ್ನ ನೋಡಿದ. ಆಮ್ಯಾಲ ಕನ್ನಡಕ ತಗದು ಒರಸಿಕೊಂಡ.

ಆ ಎರಡು ತಾಸು ಆಕಿ ನನ್ನ ಬಾಜೂಕೇ ಕುಂತಿದ್ದಳು. ಬೈಯಲಿಲ್ಲ. ಛಲೋ ಮಾಡಿದಿ ಅಂತಲೂ ಅನ್ನಲಿಲ್ಲ. ಫೈಲ್ ಬಂದ ಮ್ಯಾಲ "ಊಟ ಆಗ್ಯದೇನು?" ಅಂತ ಕೇಳಿದಳು. ಇಲ್ಲ ಅಂದೆ. ಚೀಲದಾಗಿನ ರೊಟ್ಟಿ ಅರ್ಧ ಮುರದು ಕೊಟ್ಟಳು.

ಇತಿ ನಿನ್ನ,
ಸುಗಲಕ್ಕ


ನಾರಾಯಣಖೇಡ
29-5-2025

ಸುಗಲಾಬಾಯಿ ಅವರಿಗೆ ಶರಣು.

ಹಿಂದಿನ ವಾರ ಲೀನ್ ತಗದು ಖಾತೆ ಬಿಟ್ಟರು. ಆತ್ಮಾರಾಮ ಮತ್ತ ಬಂದು ಹಲಗಿ ಬಡದ, ಮೊನ್ನೆ ಸ್ಲ್ಯಾಬ್ ಹಾಕಿದರು. ಸಂಜೀಕ ಮಳಿ ಮೋಡ ಆಗಿತ್ತು, ದೇವರು ದೊಡ್ಡಾಂವ, ಹನಿ ಬೀಳಲಿಲ್ಲ.

ಸಾಲ ನನ್ನದಲ್ಲ ಅಂತ ಬ್ಯಾಂಕಿನವರು ಕೊಟ್ಟ ಕಾಗದ ನಮ್ಮನಿಯವರು ಎರಡು ಸಲ ಓದಿದರು. ಮರುದಿನ ಮುಂಜಾನೆ ತಾವೇ ಚಹಾ ಮಾಡಿ ತಂದು ನನ್ನ ಮುಂದ ಇಟ್ಟರು. ನಾ ಕುಡೀಲಿಲ್ಲ. ಆರಿ ಹೋದ ಮ್ಯಾಲ ಕುಡದೆ.

ನೀವು ವಕೀಲರ ಕಡಿ ಕಳಿಸಿದ ಎರಡು ಸಾವಿರ ತಿರುಗಿ ಕಳಿಸೀನಿ. ಹದಿನೆಂಟು ಸಾವಿರದ ನಾಕುನೂರು ನನ್ನ ಖಾತೆಯಿಂದ ತಗೊಂಡದ್ದು ಬ್ಯಾಂಕು. ಕೊಡಬೇಕಾದ್ದೂ ಬ್ಯಾಂಕು. ನಿಮ್ಮ ಸಾಲದ ವಹ್ಯಾಗ ಅದು ಜಮಾ ಆಗ್ಯದ, ಉಲ್ಟಾ ಮಾಡಾಕ ಟೈಮ್ ಹಿಡೀತದ ಅಂತಾರ. ಶಿವಕಾಂತಾ ಮ್ಯಾಲಿನವರಿಗೆ ತಕರಾರು ಬರದಾಳ. ನಾ ಬಿಡಂಗಿಲ್ಲ. ಆದರ ನಿಮ್ಮಿಂದ ನನಗ ಬರೋದು ಏನೂ ಇಲ್ಲ. ಇಷ್ಟರಾಗ ಇದೊಂದೇ ನನಗ ಚಕ್ಕಂತ ತಿಳದದ್ದು. ಉಳಿದದ್ದು ಇನ್ನೂ ತಿಳಿದಿಲ್ಲ. ನೀವು ಬ್ಯಾಂಕಿಗೆ ಬರದೇ ಹೋಗಿದ್ದರ ನಾ ನಿಮ್ಮ ಪತ್ರ ತೋರಿಸ್ತಿದ್ದೆನೋ ಇಲ್ಲೋ, ಅದೂ ತಿಳಿದಿಲ್ಲ.

ಶ್ರಾವಣದಾಗ ವಾಸ್ತು ಊಟ ಇಟ್ಟೀವಿ. ನೂರಾ ಇಪ್ಪತ್ತು ಮಂದಿ ಆಗಬಹುದು. ಅಡಿಗಿ ನೀವು ಮಾಡ್ತೀರೇನು? ಪುಗಸಟ್ಟೆ ಬ್ಯಾಡ. ರೇಟು ಬರೀರಿ.

ಇತಿ,
ಸುಗಲಾಬಾಯಿ ಸೂರ್ಯಕಾಂತ


ತಾಂಡೂರು
17-6-2025

ಅಕ್ಕಾವರಿಗೆ ಶರಣು.

ತಾಂಡೂರಿನ ಮನಿಗೇ ತಿರುಗಿ ಬಂದೀನಿ. ಮಂಗಲಾ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಆಕಿನೇ ಬಂದು ನನ್ನ ಕೂಡ ಖೋಲಿ ಕಸ ಹೊಡದಳು.

ಮೊನ್ನೆ ಶನಿವಾರ ಲೋಕ ಅದಾಲತ್ತಿಗೆ ಹೋಗಿದ್ದೆ. ಭಾಳ ಮಂದಿ. ಜಡ್ಜ್ ಸಾಹೇಬರು ನಮ್ಮ ಎದುರಿಗೇ ಕುಂತಿದ್ದರು, ಬರೇ ಒಂದು ಟೇಬಲ್ ನಡುವ. "ಸಾಲ ನಿಮ್ಮದೇನಮ್ಮ?" ಅಂದರು. "ಹೌದ್ರಿ" ಅಂದೆ. ಅವರು ಬರಕೊಂಡರು. ನಾರಾಯಣಖೇಡದಾಗ ಅಷ್ಟು ಕೂಗಿ ಹೇಳಿದ ಮಾತು, ಇಲ್ಲಿ ಒಂದೇ ಸಲಕ್ಕ ಮುಗೀತು. ಬೀಗರಿಗೆ ಫೋನ್ ಮಾಡಿದ್ದನ್ನೂ ಹೇಳಿದೆ. ಬ್ಯಾಂಕಿನಾಂವ ತಲಿ ತಗ್ಗಿಸಿದ. ಬಡ್ಡಿ ಭಾಳ ಬಿಟ್ಟರು. ಕುರ್ಚಿ, ಶಾಮಿಯಾನ ಅವರಿಗೆ ಕೊಟ್ಟೆ. ಉಳಿದದ್ದು ಎರಡು ಲಕ್ಷ ಹತ್ತು ಸಾವಿರ, ಮೂವತ್ತು ತಿಂಗಳು, ತಿಂಗಳಿಗೆ ಏಳು ಸಾವಿರ. ನಿಮ್ಮ ರೊಕ್ಕ ಜಮಾ ಹಿಡಿದಿಲ್ಲ, ಅದನ್ನ ಬ್ಯಾರೆ ತಗದು ನಿಮಗ ಕೊಡಬೇಕಂತ ಕಾಗದದಾಗೇ ಬರಸೀನಿ. ನಕಲು ಇದರ ಕೂಡ ಅದ, ಶಿವಕಾಂತಾ ಅವರಿಗೆ ತೋರಿಸ್ರಿ.

ಕುರ್ಚಿ ಟೆಂಪೋಕ್ಕ ಹಾಕುವಾಗ ಅಳು ಬರ್ತದ ಅಂತ ತಿಳಿದಿದ್ದೆ. ಬರಲಿಲ್ಲ. ಖೋಲಿ ದೊಡ್ಡದಾಗಿ ಕಾಣಸ್ತು, ಅಷ್ಟೇ. ತವರಿನ ನಾಕು ಹಂಡೆ ಉಳದಾವ. ಕಲಾಯಿ ಮಾಡ್ಸೀನಿ. ಏಳು ಸಾವಿರ ಪ್ರತಿ ತಿಂಗಳು ಹ್ಯಾಂಗ ಕಟ್ಟತೀನಿ ಅಂತ ಕೇಳಿದರ ಪೂರಾ ಗೊತ್ತಿಲ್ಲ. ನಿನ್ನೆ ಧಾರೂರಿಗೆ ಹೋಗಿ ಮಗಳ ಮನ್ಯಾಗ ಒಂದು ರಾತ್ರಿ ಇದ್ದು ಬಂದೆ. ಆಕಿ ಅತ್ತಿ ಕುಂದರ್ರಿ ಅಂದರು.

ನಿಮ್ಮ ವಾಸ್ತು ಅಡಿಗಿಗೆ ಬರ್ತೀನಿ. ಹುಗ್ಗಿ, ಬದನಿಕಾಯಿ ಎಣ್ಣಿಗಾಯಿ, ಅನ್ನ, ಸಾರು, ಸಜ್ಜಿ ರೊಟ್ಟಿ. ಒಂದು ಎಲಿಗೆ ತೊಂಬತ್ತು ರೂಪಾಯಿ, ಕಟ್ಟಿಗಿ ನಿಮ್ಮದು. ಕಮ್ಮಿ ಮಾಡಂಗಿಲ್ಲ.

ಒಂದೇ ಮಾತು ನಡಸಿಕೊಡ್ರಿ. ಬಡಿಸೋದು ಮುಗದ ಮ್ಯಾಲ ನನಗ ಅಡಿಗಿಮನ್ಯಾಗ ಎಲಿ ಹಾಕಬ್ಯಾಡ್ರಿ. ಹೊರಗ ನಿಮ್ಮ ಮಂದಿ ಕೂಡ ಪಂಕ್ತ್ಯಾಗ ಕುಂದರ್ಸ್ರಿ. ಯಾರೀಕಿ ಅಂತ ಯಾರಾದರೂ ಕೇಳಿದರ, ಬ್ಯಾಂಕಿನವರು ಹುಡುಕತಿದ್ದ ಸುಗಲಾಬಾಯಿ ಈಕಿನೇ ಅಂತ ಹೇಳ್ರಿ. ನಕ್ಕರ ನಗಲಿ, ನಾ ಉಂಡೇ ಏಳ್ತೀನಿ.

ಇತಿ,
ಸುಗಲಾಬಾಯಿ ಲಿಂಗರಾಜ